ಬೋರ್ಡಿಲ್ಲದ ಅಂಗಡಿ

"ಆಪಾ, ಇಲ್ನೋಡು, ಈ ನಲ್ಲಿ ಸೋರ್ತೈತೆ!"

ಆಮ್ನಾಗೆ ಕೊನೆಗೂ ಒಂದು ತಪ್ಪು ಸಿಕ್ಕಿತು. ದಾವಣಗೆರೆಯ ಈ ದೊಡ್ಡ ಹೆಸರಿನ ಕಾಲೇಜಿಗೆ ಕಾಲಿಟ್ಟಾಗಿನಿಂದ ಅವಳಿಗೆ ತಪ್ಪು ಹುಡುಕುವುದೇ ಕೆಲಸ. ಮೆಟ್ಟಿಲು ಜಾಸ್ತಿ. ಕ್ಯಾಂಟೀನಿನ ವಡೆ ತಣ್ಣಗಿದೆ. ಆದರೆ ಅಕ್ಕ ಗುಲ್ನಾಜ್ ಯಾವುದನ್ನೂ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಗುಲ್ನಾಜ್ ಆಪಾ ಪಿಯುಸಿ ಮುಗಿಸಿ ಬಿಬಿಎ ಸೇರುವವಳಿದ್ದಳು. "ಎರಡೂ ಕಾಲೇಜು ನೋಡ್ಕೊಂಡು ಬಾ. ಆಮೇಲೆ ನೀನೇ ಹೇಳು" ಎಂದಿದ್ದರು ಅಬ್ಬಾ. ಹರಿಹರದಲ್ಲಿ ಮನೆ ಹತ್ತಿರವೇ ಇರುವ ಸಣ್ಣ ಕಾಲೇಜನ್ನು ಅಕ್ಕತಂಗಿ ಇಬ್ಬರೂ ನಿನ್ನೆಯೇ ನೋಡಿ ಬಂದಿದ್ದರು. ಅಲ್ಲಿ ಕ್ಲಾಸಿಗೆ ಮೂವತ್ತೇ ಜನ. ಮೈಲಾರಲಿಂಗಪ್ಪ ಸರ್ ಎಲ್ಲರನ್ನೂ ಹೆಸರು ಹಿಡಿದು ಕರೆಯುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಮಧ್ಯಾಹ್ನಕ್ಕೇ ಬಿಡುತ್ತಾರೆ!

ದಾವಣಗೆರೆಯಾದರೆ ಆಪಾ ಬೆಳಿಗ್ಗೆ ಏಳರ ಬಸ್ಸಿಗೆ ಹೋದವಳು ಬರುವುದು ಸಂಜೆ ಏಳಕ್ಕೆ. ಅಮ್ಮಿ ಕೆಲಸ ಮುಗಿಸಿ ಬರುವುದು ಆರಕ್ಕೆ. ಸ್ಕೂಲು ಬಿಟ್ಟು ಬಂದ ಆಮ್ನಾಗೆ ಈರುಳ್ಳಿ ಹೆಚ್ಚಿ ಮಂಡಕ್ಕಿ ಕಲಸಿ ಕೊಡುವವರು ಯಾರು? ಟೀಚರ್ ಬೈದದ್ದನ್ನೆಲ್ಲ ಕೂತು ಕೇಳುವವರು ಯಾರು? ನೆನೆಸಿಕೊಂಡರೇ ಅಳು ಬರುತ್ತಿತ್ತು. ನಿನ್ನೆ ಆಪಾನ ದುಪಟ್ಟಾ ಹಿಡಿದು ಅತ್ತೂ ಇದ್ದಳು. "ಅಲ್ಲಿಗೆ ಹೋಗ್ಬ್ಯಾಡ ಆಪಾ."

ವರಾಂಡದ ಗೋಡೆಯ ಮೇಲೆ ಕೆಲಸ ಸಿಕ್ಕಿದ ಹಳೆಯ ವಿದ್ಯಾರ್ಥಿಗಳ ಫೋಟೋಗಳಿದ್ದವು. ಆಪಾ ಅವುಗಳ ಮುಂದೆಯೇ ನಿಂತುಬಿಟ್ಟಳು. ಒಂದೊಂದೇ ಹೆಸರು ಓದತೊಡಗಿದಳು. ಫೈನಲ್ ಇಯರಿನ ಹುಡುಗಿಯೊಬ್ಬಳು ಅಲ್ಲಿಗೆ ಬಂದಳು. ಅವಳ ಹೆಸರು ಪುಷ್ಪಲತಾ.

"ಕ್ಲಾಸಿಗೆ ನೂರು ಜನ ಇರ್ತೀವಿ. ಎಷ್ಟೋ ಲೆಕ್ಚರರ್‌ಗೆ ನಮ್ಮ ಮುಖಾನೂ ಗೊತ್ತಿಲ್ಲ" ಎಂದಳು ಪುಷ್ಪಲತಾ. "ಆದ್ರೆ ಕಾಲೇಜಿನ ಹೆಸರು ಕೇಳಿ ಕಂಪನಿಯೋರು ವರ್ಷಾ ವರ್ಷ ಬರ್ತಾರೆ ನೋಡು."

"ಕೇಳಿಸ್ತಾ ಆಪಾ? ಮುಖಾನೂ ಗೊತ್ತಿಲ್ಲಂತೆ!"

ಆಪಾಗೆ ಕೇಳಿಸಿದ್ದು ಎರಡನೇ ಮಾತು ಮಾತ್ರ.

ವಾಪಸ್ ಬರುವಾಗ ಬಸ್ಸಿನಲ್ಲಿ ಆಮ್ನಾ ತಡೆಯಲಾರದೆ ಕೇಳಿಯೇಬಿಟ್ಟಳು. "ಹೆಸರು ಯಾಕ ಬೇಕು ಆಪಾ? ಅಬ್ಬಾನ ಗಾದಿ ಅಂಗಡಿಗೆ ಒಂದು ಬೋರ್ಡೂ ಇಲ್ಲ. ಆದ್ರೂ ಮಲೆಬೆನ್ನೂರಿಂದ ಜನ ಹುಡುಕ್ಕೊಂಡು ಬರ್ತಾರೆ."

"ಅಬ್ಬಾ ಇಪ್ಪತ್ತು ವರ್ಷದಿಂದ ಗಾದಿ ಹೊಲೀತಾರೆ. ಖಲೀಲ್ ಸಾಬ್ರು ಅಂದ್ರೆ ಎಲ್ಲಾರಿಗೂ ಗೊತ್ತೈತೆ" ಎಂದಳು ಆಪಾ. "ನಾನು ಯಾರಂತ ಯಾರಿಗೆ ಗೊತ್ತೈತೆ, ಆಮ್ನಾ? ಹೊಸಬರಿಗೆ ಒಂದು ಬೋರ್ಡು ಬೇಕಾಗ್ತೈತೆ."

ಆಮೇಲೆ ಅವಳು ಕಿಟಕಿಯ ಕಡೆ ತಿರುಗಿದಳು. ಹರಿಹರದಲ್ಲಿ ಇಳಿದವರೇ ಇಬ್ಬರೂ ಸೀದಾ ಅಂಗಡಿಗೆ ಹೋದರು.

ಅಂಗಡಿಯಲ್ಲಿ ಅಬ್ಬಾ ಗಡ್ಡಕ್ಕೆಲ್ಲ ಹತ್ತಿ ಅಂಟಿಸಿಕೊಂಡು ಕೂತಿದ್ದರು. "ಬಾ ಬೇಟಿ. ಫೀಸು ಕಟ್ಟಾಕೆ ನಾಳೇನೇ ಕೊನೇ ದಿನ. ಯಾವ್ದು ಹೇಳು?"

ಆಪಾ ಒಮ್ಮೆ ಆಮ್ನಾಳನ್ನು ನೋಡಿದಳು. "ಹರಿಹರದ್ದೇ ಸಾಕು ಅಬ್ಬಾ. ಹತ್ರಾನೂ ಐತೆ, ಸರ್ ಕೂಡ ಒಳ್ಳೇರು" ಎಂದು ನಕ್ಕಳು.

ಆಮ್ನಾ ಕುಣಿಯಬೇಕಿತ್ತು. ಆದರೆ ಆ ನಗು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮನೆಯಲ್ಲಿ ಒಂದೇ ಒಂದು ಲಡ್ಡು ಉಳಿದಾಗ "ನಂಗೆ ಹೊಟ್ಟೆ ತುಂಬೈತೆ, ನೀನೇ ತಿನ್ನು" ಎಂದು ಆಪಾ ನಗುವುದೂ ಹೀಗೆಯೇ.

"ಸುಳ್ಳು!" ಎಂದು ಆಮ್ನಾ ಕೂಗಿದಳು. "ಅಬ್ಬಾ, ಆಪಾಗೆ ದಾವಣಗೆರೆನೇ ಬೇಕು. ನಾನು ಅತ್ತಿದ್ದಕ್ಕೆ ಹಿಂಗೆ ಹೇಳ್ತಾಳೆ."

ಅಬ್ಬಾನ ಕೈಯಲ್ಲಿದ್ದ ಸೂಜಿ ಅಲ್ಲೇ ನಿಂತಿತು. ಆಪಾ ತಂಗಿಯ ಮುಂದೆ ಬಗ್ಗಿ, ಮೆಲ್ಲಗೆ ಕೇಳಿದಳು. "ದಿನಾ ಸಂಜೆ ಒಬ್ಬಳೇ ಇರ್ತೀಯೇನೇ?"

ಆಮ್ನಾ ಕಣ್ಣೊರೆಸಿಕೊಂಡು ಕೈ ಚಾಚಿದಳು.

"ದಿನಾ ಬೆಳಿಗ್ಗೆ ಮನೆ ಬೀಗದ ಕೈ ನನ್ನ ಹತ್ರ ಕೊಟ್ಟು ಹೋಗು" ಎಂದಳು.