ಮೂರಿಂಚು ದೊಡ್ಡ ಟೈರು

ಬೆಟ್ಟದ ಮೇಲಿನ ಶೆಡ್ಡಿನ ಬೀಗ ಹಾಕಿದಂತೆಯೇ ಇತ್ತು. ಬೀಗ ನೇತಾಡುತ್ತಿದ್ದ ಚಿಲಕವನ್ನೇ ಯಾರೋ ಬಾಗಿಲಿನಿಂದ ಕಿತ್ತಿದ್ದರು. ಹೊಸ ರಸ್ತೆಯ ಅಳತೆಗೆಂದು ತರಿಸಿದ್ದ ಯಂತ್ರ ಪೆಟ್ಟಿಗೆ ಸಮೇತ ಮಾಯ!

ಕಾವಲುಗಾರ ಹೊಸ್ತಿಲಲ್ಲೇ ಕುಸಿದು ಕುಳಿತ. ಹಲ್ಲುನೋವು ತಡೆಯಲಾರದೆ ಬೆಳಿಗ್ಗೆ ಒಂಬತ್ತೂವರೆಗೆ ಕಾಲುದಾರಿಯಲ್ಲಿ ಇಳಿದು ಡಾಕ್ಟರ ಬಳಿ ಹೋಗಿದ್ದ. ಅಲ್ಲಿ ಬಾಗಿಲು ಹಾಕಿತ್ತು. ಊದಿದ ಕೆನ್ನೆಯನ್ನು ಹಾಗೇ ಹೊತ್ತುಕೊಂಡು ಮಧ್ಯಾಹ್ನ ಒಂದಕ್ಕೆ ವಾಪಸ್ಸು ಬಂದರೆ ಈ ಗ್ರಹಚಾರ.

ಕೆಳಗಿನ ಕ್ಯಾಂಪಿನಲ್ಲಿ ಇಂಜಿನಿಯರ್ ಕೂರಲೂ ಹೇಳಲಿಲ್ಲ.

“ನೀನು ಡಾಕ್ಟರ್ ಹತ್ರ ಹೋಗಿದ್ದನ್ನ ನೋಡಿದೋರು ಯಾರು?”

“ಬಾಗ್ಲು ಹಾಕಿತ್ತು ಸಾರ್.”

“ಅಂದ್ರೆ ಯಾರೂ ಇಲ್ಲ. ಆ ಹೊತ್ನಲ್ಲಿ ಕ್ಯಾಂಪ್ ಬಿಟ್ಟು ಹೋಗಿದ್ದು ಜೀಪ್ ಒಂದೇ. ಅದು ಪೆಟ್ರೋಲ್ ಬಂಕಿಗೆ ಹೋಗಿ ಬಂದಿದೆ, ಮೀಟರೇ ಹೇಳತ್ತೆ. ಇನ್ನು ಉಳಿದವನು ನೀನು. ನಾಳೆ ಸಂಜೆಯೊಳಗೆ ಪೆಟ್ಟಿಗೆ ಬರ್ಬೇಕು. ಇಲ್ದಿದ್ರೆ ಪೊಲೀಸ್ರಿಗೆ ಹೇಳ್ತೀನಿ. ಕ್ವಾರ್ಟರ್ಸೂ ಖಾಲಿ ಮಾಡು.”

ಕ್ವಾರ್ಟರ್ಸ್ ಎಂದರೆ ಒಂದೂವರೆ ಕೋಣೆ. ಅದರಲ್ಲೇ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಒಂದು ಹೊಲಿಗೆ ಯಂತ್ರ. ಅದನ್ನು ಬಿಟ್ಟರೆ ಅವನಿಗೆ ತಲೆ ಮೇಲೆ ಸೂರಿರಲಿಲ್ಲ. ಹೆಂಡತಿ ಪಾತ್ರೆ ಕಟ್ಟತೊಡಗಿದಳು. ಅದನ್ನು ನೋಡಲಾರದೆ ಅವನು ಅಕ್ಕನಿಗೆ ಫೋನು ಮಾಡಿದ.

ಅಕ್ಕನನ್ನು ಪೇಟೆಯಲ್ಲಿ ಎಲ್ಲರೂ ಕರೆಯುವುದು ‘ಟೈರಕ್ಕ’ ಎಂದೇ. ಗಂಡ ತೀರಿಕೊಂಡ ಮೇಲೆ ಟೈರಂಗಡಿಯನ್ನು ಒಬ್ಬಳೇ ನಡೆಸುತ್ತಿದ್ದಳು. ಮಾರನೆಯ ದಿನ ಬೆಳಿಗ್ಗೆ ಬಂದಳು. ತಮ್ಮನ ಕಡೆ ತಿರುಗಿಯೂ ನೋಡದೆ, ಕ್ಯಾಂಪಿನ ಅಂಗಳದಲ್ಲಿ ನಿಂತಿದ್ದ ಜೀಪಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

“ಏನ್ ಡ್ರೈವರಣ್ಣ, ಟೈರು ಹೇಗಿದೆ?”

“ಸೂಪರ್ ಅಕ್ಕ! ಮೊನ್ನೆ ನಿಮ್ಮಂಗ್ಡೀಲಿ ಹಾಕ್ಸಿದಾಗಿಂದ ಆನೆ ಮೇಲೆ ಕೂತಂಗಿದೆ.”

“ಮೂವತ್ತೊಂದು ಇಂಚು ಸಾಕು ಅಂದೆ. ನೀವು ಮೂವತ್ಮೂರೇ ಬೇಕು ಅಂತ ಹಠ ಹಿಡಿದ್ರಿ. ಸ್ಟೇರಿಂಗ್ ಪೂರ್ತಿ ತಿರುಗಿಸಿದ್ರೆ ಮಡ್‌ಗಾರ್ಡಿಗೆ ಉಜ್ಜುತ್ತಾ?”

“ಸ್ವಲ್ಪ ಉಜ್ಜುತ್ತೆ. ಕಲ್ಲುದಾರಿಗೆ ಎತ್ತರ ಇರ್ಬೇಕಲ್ವಾ?”

ಕಾವಲುಗಾರನಿಗೆ ಮೈಯೆಲ್ಲ ಉರಿಯಿತು. ತಮ್ಮನ ಸಂಸಾರ ಬೀದಿಗೆ ಬೀಳುತ್ತಿದೆ, ಇವಳಿಗೆ ವ್ಯಾಪಾರದ ಮಾತು!

“ಅಕ್ಕಾ—”

“ನೀನು ಸುಮ್ನಿರು. ಡ್ರೈವರಣ್ಣ, ನಿನ್ನೆ ಬಂಕಿಗೆ ಯಾಕ್ ಹೋಗಿದ್ರಿ?”

“ಗಾಳಿ ನೋಡಿಸ್ಕೊಂಡ್ ಬರೋಕೆ. ಹತ್ತು ಗಂಟೆಗೆ ಹೋದೆ, ಹನ್ನೆರಡರೊಳಗೆ ಬಂದೆ.”

“ದಾರೀಲಿ ಬೇರೆಲ್ಲಾದ್ರೂ ತಿರುಗಿದ್ರಾ?”

“ಇಲ್ಲಪ್ಪ. ಸೀದಾ ಹೋದೆ, ಸೀದಾ ಬಂದೆ.”

ಅವಳು ಮಾತು ಕೇಳಿ ಹೊರಬಂದಿದ್ದ ಇಂಜಿನಿಯರ್ ಕಡೆ ತಿರುಗಿದಳು. “ಮೀಟರ್ ಎಷ್ಟು ಓಡಿತ್ತು ಸಾರ್?”

“ಇಪ್ಪತ್ತು ಕಿಲೋಮೀಟರ್. ಹೋಗುವಾಗ, ಬರುವಾಗ ಗೇಟಿನ ಗುಮಾಸ್ತನೇ ನೋಡಿ ಬರೆದಿದ್ದಾನೆ. ಬಂಕಿಗೆ ಹತ್ತು, ವಾಪಸ್ ಹತ್ತು. ಬೆಟ್ಟದ ಶೆಡ್ಡಿಗೆ ಹನ್ನೊಂದು—ಆ ದಾರೀನ ನಾವೇ ಟೇಪ್ ಹಿಡಿದು ಅಳೆದಿದ್ದೀವಿ. ಜೀಪ್ ಬೆಟ್ಟ ಹತ್ತಿದ್ರೆ ಮೀಟರ್ ಇಪ್ಪತ್ತೆರಡು ತೋರಿಸ್ಬೇಕಿತ್ತು.”

“ಹಾಗಿದ್ರೆ ಒಂದು ಉಪಕಾರ ಮಾಡಿ. ನೀವೇ ಜೀಪ್ ಓಡಿಸಿ, ಬಂಕಿಗೆ ಹೋಗಿ ಬರೋಣ.”

ಇಂಜಿನಿಯರ್ ಮುಖ ಗಂಟಿಕ್ಕಿದರೂ ಹೊರಟರು. ಡ್ರೈವರ್ ಮತ್ತು ಕಾವಲುಗಾರ ಹಿಂದಿನ ಸೀಟಿನಲ್ಲಿ. ಬಂಕಿನ ಕಂಬ ಮುಟ್ಟಿ, ತಿರುಗಿಸಿಕೊಂಡು, ನೇರ ಕ್ಯಾಂಪಿಗೆ ಬಂದರು. ಗೇಟಿನಲ್ಲಿ ಇಂಜಿನಿಯರ್ ಮೀಟರ್ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

“ಹದಿನೆಂಟು? ಎರಡು ಕಿಲೋಮೀಟರ್ ಎಲ್ಲಿ ಹೋಯ್ತು?”

“ಟೈರ್ ನುಂಗಿತು ಸಾರ್,” ಎಂದಳು ಟೈರಕ್ಕ. “ಮೀಟರಿಗೆ ರಸ್ತೆ ಕಾಣಲ್ಲ. ಚಕ್ರ ಎಷ್ಟು ಸುತ್ತು ಸುತ್ತಿತು ಅನ್ನೋದಷ್ಟೇ ಅದಕ್ಕೆ ಗೊತ್ತು. ಈ ಜೀಪಿನ ಮೀಟರ್ ಮಾಡಿರೋದು ಮೂವತ್ತು ಇಂಚು ಎತ್ತರದ ಟೈರಿಗೆ. ಈಗ ಇರೋದು ಮೂವತ್ಮೂರು. ಒಂದೊಂದು ಸುತ್ತಿಗೂ ಗಾಡಿ ಹತ್ತರಲ್ಲೊಂದು ಪಾಲು ಹೆಚ್ಚು ಮುಂದೆ ಹೋಗತ್ತೆ. ಮೀಟರ್ ಹತ್ತು ಅಂದ್ರೆ ನಿಜವಾಗಿ ಓಡಿರೋದು ಹನ್ನೊಂದು. ನಿನ್ನೆ ಅದು ಇಪ್ಪತ್ತು ತೋರಿಸ್ತು. ಓಡಿದ್ದು—”

“ಇಪ್ಪತ್ತೆರಡು,” ಎಂದರು ಇಂಜಿನಿಯರ್. ದನಿ ಇಳಿದಿತ್ತು. ಬೆಟ್ಟವನ್ನು ಅಂಗುಲ ಅಂಗುಲ ಅಳೆದವರು ಮೀಟರಿನ ಮಾತನ್ನು ಕಣ್ಣುಮುಚ್ಚಿ ನಂಬಿದ್ದರು. ಪಾಪ, ಕಿವಿ ಕೆಂಪಾಯಿತು.

“ಮೀಟರ್ ಇಪ್ಪತ್ತಕ್ಕೇ ನಿಂತಾಗ ಅದೃಷ್ಟ ಅಂದ್ಕೊಂಡ್ರಿ ಅಲ್ವಾ ಡ್ರೈವರಣ್ಣ? ಟೈರ್ ಹಾಕುವಾಗಲೇ ಹೇಳೋಣಾಂತಿದ್ದೆ, ಮೀಟರ್ ಸರಿಮಾಡಿಸ್ಬೇಕು ಅಂತ. ನೀವು ಫೋಟೋ ತೆಗೆಸ್ಕೊಳ್ಳೋದ್ರಲ್ಲಿ ಮುಳುಗಿದ್ರಿ. ಶೆಡ್ಡಿಗೆ ಹೋಗಿದ್ದು ನೀವೇ. ಪೆಟ್ಟಿಗೆ ಎಲ್ಲಿದೆ?”

ಡ್ರೈವರ್ ಒಮ್ಮೆ ಗೇಟಿನ ಕಡೆ ನೋಡಿದ. ಓಡಲಿಲ್ಲ.

“ಬೆಟ್ಟದ ತಿರುವಲ್ಲಿ, ಮೋರಿ ಒಳಗೆ. ಏನೂ ಹಾಳಾಗಿಲ್ಲ ಸಾರ್. ಯಂತ್ರ ಇಲ್ದಿದ್ರೆ ಅಳತೆ ನಿಲ್ಲುತ್ತೆ ಅಂತ… ನಿಮ್ಮ ರಸ್ತೆ ಗೆರೆ ನಮ್ಮನೆ ನಡುವೇನೇ ಹಾಯುತ್ತೆ. ನಕ್ಷೆ ನಾನೇ ನೋಡ್ದೆ.”

ಇಂಜಿನಿಯರ್ ಕಾವಲುಗಾರನಿಗೆ, “ಕ್ವಾರ್ಟರ್ಸ್ ಬಿಡ್ಬೇಡಪ್ಪ. ತಪ್ಪು ನಂದು,” ಎಂದು ಮೋರಿಯ ಕಡೆ ನಡೆದರು.

ಕಾವಲುಗಾರನಿಗೆ ಜೀವ ಬಂದಂತಾಯಿತು. ಆದರೂ ಗೆದ್ದ ಸಂತೋಷ ಬರಲಿಲ್ಲ. ನಾಲ್ಕು ವರ್ಷ ಅವನೂ ಡ್ರೈವರೂ ಒಂದೇ ಬೆಂಚಿನ ಮೇಲೆ ಕೂತು ಉಂಡಿದ್ದರು. ನಿನ್ನೆ, ಹಲ್ಲು ತೋರಿಸ್ಕೊಂಡ್ ಬಾ ಹೋಗು ಎಂದು ಒತ್ತಾಯ ಮಾಡಿ ಕಳಿಸಿದವನೂ ಇವನೇ.

“ನಿನ್ನ ಮನೆ ಉಳಿಸ್ಕೊಳ್ಳೋಕೆ,” ಎಂದು ಕೇಳಿದ, “ನನ್ನ ಮನೇನೇ ಸಿಕ್ಕಿತೇನೋ?”

ಕಾವಲುಗಾರ, ಪಾತ್ರೆ ಕಟ್ಟುವುದನ್ನು ನಿಲ್ಲಿಸೆಂದು ಹೆಂಡತಿಗೆ ಹೇಳಲು ಹೊರಟ.