ಸ್ವಂತ ವಾಸಕ್ಕೆ ಬೇಕಾದ ಮನೆ

ಸುನೀಲನ ಮದುವೆ ನಿಶ್ಚಯವಾಗಿದೆ ಎಂಬುದು ನನಗೆ ಗೊತ್ತಾದದ್ದು ವಕೀಲರ ನೋಟಿಸಿನಿಂದ.

ಎರಡು ಸಾವಿರದ ನಾಲ್ಕನೆಯ ಇಸವಿ. ರಿಜಿಸ್ಟರ್ ಪೋಸ್ಟಿನಲ್ಲಿ ಬಂದಿತ್ತು. ‘ನಮ್ಮ ಕಕ್ಷಿದಾರರಾದ ಪ್ರಭುಲಿಂಗಪ್ಪನವರ ಮಗ ಸುನೀಲಕುಮಾರನ ಮದುವೆ ನಿಶ್ಚಯವಾಗಿದ್ದು, ಅವರ ಸ್ವಂತ ವಾಸಕ್ಕೆ ಸದರಿ ಮನೆ ಬೇಕಾಗಿರುವುದರಿಂದ...’ ಮುಂದೆ ಓದಲು ಆಗಲಿಲ್ಲ. ಹದಿನೆಂಟು ವರ್ಷದಿಂದ ನಾನೂ ಅವ್ವನೂ ಬಾಡಿಗೆಗಿದ್ದ ಮನೆ. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಷಿನ್ನು, ಬ್ಯಾಡಗಿಯ ಅರ್ಧ ಹೆಂಗಸರ ಬ್ಲೌಸು. ಆ ಕೋಣೆ ಹೋದರೆ ನಮ್ಮ ಅನ್ನವೂ ಹೋದಂತೆ. ಆದರೆ ಸುಳ್ಳೇಕೆ, ಆ ಹೊತ್ತು ನನ್ನ ಮೈ ಉರಿದದ್ದು ಮದುವೆಯ ಸುದ್ದಿಗೆ.

ಪಕ್ಕದ ಮನೆಯಲ್ಲೇ ಇದ್ದ ಈ ಸುನೀಲ ವಾರಕ್ಕೊಂದು ಅಂಗಿಯ ಗುಂಡಿ ಕಿತ್ತುಕೊಂಡು ಬರುತ್ತಿದ್ದ. ಬ್ಲೇಡಿನಿಂದ ಕೊಯ್ದದ್ದು ಅಂತ ದಾರ ನೋಡಿದರೇ ಗೊತ್ತಾಗುತ್ತಿತ್ತು. ನಾನು ಗುಂಡಿ ಹಚ್ಚುವಷ್ಟು ಹೊತ್ತು ನನ್ನ ಮುಖ ನೋಡುತ್ತಿದ್ದ. ನಾನು ತಲೆ ಎತ್ತಿದರೆ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ. ಎರಡು ವರ್ಷ ನೋಡಿದ, ಬಾಯಿ ಬಿಡಲಿಲ್ಲ, ಮೂಕಬಸವ!

ಅವತ್ತು ಸಂಜೆಯೂ ಅಂಗಿ ಹಿಡಿದು ಬಂದ.

“ನಿಶ್ಚಯ ಆದಾಕಿಗೆ ಗುಂಡಿ ಹಚ್ಚಾಕ ಬರಂಗಿಲ್ಲೇನು?” ಎಂದೆ.

“ಯಾವಾಕಿ?”

ನೋಟಿಸನ್ನು ಅವನ ಎದೆಗೆ ಎಸೆದೆ. ಓದುತ್ತ ಓದುತ್ತ ಅವನ ಕಿವಿ ಕೆಂಪಾದವು.

“ಸುಧಾ, ಖರೇನ ನನಗ ಗೊತ್ತಿಲ್ಲ. ಅಪ್ಪಗ ಮೆಣಸಿನಕಾಯಿ ಚೀಲ ಇಡಾಕ ಈ ಮನಿ ಬೇಕಾಗೈತಿ. ಗೋದಾಮಿಗೆ ಅಂದ್ರ ಕೋರ್ಟು ಒಪ್ಪಂಗಿಲ್ಲಂತ ವಕೀಲರು ಹಿಂಗ ಬರದಿರಬೇಕು.”

“ಹಂಗಾರ ಅದನ್ನ ಕೋರ್ಟಿನ್ಯಾಗ ಹೇಳು.”

“ಅಪ್ಪನ ಎದುರು ನಿಂತು...”

“ಆಗಂಗಿಲ್ಲ, ಹೌದಲ್ಲೋ? ಹೋಗು. ಇನ್ನ ಮ್ಯಾಲ ಗುಂಡಿ ಇಲ್ಲದನ ಅಡ್ಡಾಡು.”

ಪ್ರಭುಲಿಂಗಪ್ಪ ಕೇಸು ಹಾಕಿಯೇಬಿಟ್ಟರು. ಒಂದು ವರ್ಷ ತಾರೀಖಿನ ಮೇಲೆ ತಾರೀಖು. ಅಷ್ಟೂ ದಿನ ನಾನು ಸುನೀಲನ ಜೊತೆ ಮಾತು ಬಿಟ್ಟೆ. ಅವನು ಮೇಲಿನ ಗುಂಡಿ ಇಲ್ಲದ ಅದೇ ಅಂಗಿಯಲ್ಲಿ ನಮ್ಮ ಬಾಗಿಲ ಮುಂದೆ ಹಾಯುತ್ತಿದ್ದ, ಬೇರೆ ಯಾರ ಕೈಯಲ್ಲೂ ಹಚ್ಚಿಸಿರಲಿಲ್ಲ. ಪ್ರತಿಸಲ ನನ್ನ ಸಿಟ್ಟು ಇನ್ನಷ್ಟು ಏರುತ್ತಿತ್ತು, ಯಾಕೆಂದರೆ ಪ್ರತಿಸಲ ನಾನು ನೋಡುತ್ತಿದ್ದೆ.

ಕೊನೆಗೆ ಅಪ್ಪನ ಪರವಾಗಿ ಅವನು ಸಾಕ್ಷಿ ಹೇಳಲು ಕಟಕಟೆ ಹತ್ತಿದ. ನಮ್ಮ ವಕೀಲರು ಸಲಾವುದ್ದೀನ ಸಾಹೇಬರು ಕೇಳಿದರು, “ಮದುವಿ ನಿಶ್ಚಯ ಆಗೇತೇನ್ರಿ? ಹುಡುಗಿ ಹೆಸರೇನು?”

ಪ್ರಭುಲಿಂಗಪ್ಪ ಮಗನನ್ನು ನುಂಗುವಂತೆ ನೋಡುತ್ತಿದ್ದರು. ಸುನೀಲ ಗೋಡೆ ನೋಡಿದ. ಸುಳ್ಳು ಹೇಳುತ್ತಾನೆ, ಮನೆ ಹೋಯಿತು ಎಂದುಕೊಂಡೆ. ಆಮೇಲೆ ನನ್ನ ಕಡೆ ತಿರುಗಿದ. ನಾನು ತಲೆ ಎತ್ತಿದರೂ ಈ ಸಲ ಅವನು ಕಣ್ಣು ಸರಿಸಲಿಲ್ಲ.

“ನಿಶ್ಚಯ ಆಗಿಲ್ಲರಿ. ಆಗಲಿ ಅಂತ ಆಸೆ ಐತ್ರಿ. ಆದ್ರ ಹುಡುಗಿ ಆ ಮನ್ಯಾಗನ ಬಾಡಿಗಿ ಅದಾಳ್ರಿ. ಆಕಿನ್ನ ಹೊರಗ ಹಾಕಿ ನಾ ಒಳಗ ಯಾರನ್ನ ಕರಕೊಂಡು ಬರ್ಲಿರಿ?”

ಕೋರ್ಟಿಗೆ ಕೋರ್ಟೇ ಗೊಳ್ಳೆಂದಿತು. ನನಗೆ ನೆಲ ಬಿರಿದು ನುಂಗಬಾರದೇ ಎನಿಸಿತು.

ಹೊರಗೆ ಬೇವಿನ ಮರದ ಕೆಳಗೆ ಅವನನ್ನು ಹಿಡಿದೆ. “ಎರಡು ವರ್ಷ ನನ್ನ ಮುಂದ ಬಾಯಿಗೆ ಹೊಲಿಗಿ ಹಾಕ್ಕೊಂಡಿದ್ದಿ. ಊರ ಮಂದಿ ಮುಂದ ಬಿಚ್ಚಿದೇನು? ಮೊದಲ ನನ್ನ ಕೇಳಬೇಕಂತ ಅನಿಸಲಿಲ್ಲೇನು?”

“ಈಗ ಕೇಳಾಕತ್ತೇನಿ.”

“ನೀ ಕೇಳಿದ ಕೂಡ್ಲೆ ಹೂಂ ಅನ್ನಾಕ ನಾ ಏನು...” ಸಿಟ್ಟಿನ ನಡುವೆಯೇ ಅಳು ಬಂದುಬಿಟ್ಟಿತು. “ಹೂಂ. ಆದ್ರ ನನ್ನ ಜೋಡಿ ಅವ್ವನೂ ಬರ್ತಾಳ, ಮಷಿನ್ನೂ ಬರ್ತೈತಿ.”

ದಾವೆ ವಜಾ ಆಯಿತು. ಗೆದ್ದ ಮರುವಾರ ನಾನೇ ಮನೆ ಖಾಲಿ ಮಾಡಿ, ಬೀಗದ ಕೈಯನ್ನು ಪ್ರಭುಲಿಂಗಪ್ಪನವರ ಮುಂದಿಟ್ಟೆ.

“ಗೆದ್ದ ಮ್ಯಾಲ ಯಾಕ ಬಿಡಾಕತ್ತಿ, ಹುಚ್ಚಿ?”

“ಸೊಸಿ ಹೊರಗಿನಿಂದ ಬರಬೇಕಲ್ರಿ, ಸಾವ್ಕಾರ್ರ. ಒಳಗ ಕುಂತಾಕಿನ್ನ ಹೆಂಗ ಮನಿ ತುಂಬಿಸ್ಕೋತೀರಿ?”

ಅವರು ಬೀಗದ ಕೈ ಜೇಬಿಗಿಳಿಸಿದರು. ನಾವು ಮೇಡ್ಲೇರಿಯಲ್ಲಿದ್ದ ಅವ್ವನ ತಂಗಿ ದುರಗವ್ವ ಚಿಗವ್ವನ ಮನೆ ಸೇರಿದೆವು. “ಆ ಮನಿಗೆ ನಿನ್ನ ತುಂಬಿಸ್ಕೋತಾರೋ, ಚೀಲ ತುಂಬ್ತಾರೋ ಯಾರಿಗ್ಗೊತ್ತು,” ಎಂದು ಅವ್ವ ದಿನಾ ನನ್ನ ತಲೆ ತಿಂದಳು. ನನಗೂ ನಿದ್ದೆ ಇರಲಿಲ್ಲ. ಮೂರನೆಯ ವಾರ ಸುನೀಲನ ಫೋನು ಬಂತು.

“ಅಪ್ಪ ಆ ಮನಿಗೆ ಸುಣ್ಣ ಹೊಡಸಾಕತ್ತಾನ,” ಎಂದ.

ವೈಶಾಖದಲ್ಲಿ ಮದುವೆಯಾಯಿತು. ಹತ್ತೊಂಬತ್ತು ವರ್ಷ ನಾನೇ ಕಸ ಗುಡಿಸಿದ ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು. ಅದರಾಚೆ ಪ್ರಭುಲಿಂಗಪ್ಪ ಮುಖ ಬಿಗಿದುಕೊಂಡು ನಿಂತಿದ್ದರು. ನನ್ನ ಪಕ್ಕ ಸುನೀಲ, ಎಲ್ಲ ಗುಂಡಿ ಹಾಕಿಕೊಂಡು.

“ಬಲಗಾಲಿಲೆ. ಮೆಲ್ಲಕ ಒದಿ,” ಎಂದು ಪಿಸುಗುಟ್ಟಿದ.

ನನಗೆ ನೋಟಿಸು ನೆನಪಾಯಿತು. ಮೆಲ್ಲಗೆ ಒದೆಯಲಿಲ್ಲ. ಸೇರು ಉರುಳಿ ಹೋಗಿ ಮಾವನ ಕಾಲಿಗೇ ಬಡಿಯಿತು.

“ಇನ್ನೂ ಸಿಟ್ಟು ಇಳಿದಿಲ್ಲೇನವಾ?” ಎಂದರು, ಕಾಲು ತಿಕ್ಕಿಕೊಳ್ಳುತ್ತ.

“ಸ್ವಂತ ವಾಸಕ್ಕ ಬಂದೇನ್ರಿ, ಮಾವಾರ,” ಎಂದೆ. “ಇನ್ನ ಖಾಲಿ ಮಾಡಂಗಿಲ್ಲ.”