ಕೂಟಗಲ್ ದಂಪತಿ

"ಮಿಸ್ಟರ್ ಅಂಡ್ ಮಿಸೆಸ್ ಕೂಟಗಲ್."

ನರೆಗೂದಲಿನ ಗೈಡ್ ಪಟ್ಟಿ ನೋಡಿ ಎರಡನೆಯ ಸಲ ಕೂಗಿದಾಗಲೂ ಯಾರೂ ಕೈಯೆತ್ತಲಿಲ್ಲ. ದಕ್ಷಿಣ ಅಮೆರಿಕದ ಕೀಟೊ ನಗರದ ಹೋಟೆಲ್ ಲಾಬಿಯಲ್ಲಿ ಉಳಿದ ಪ್ರವಾಸಿಗರು ಅತ್ತಿತ್ತ ತಿರುಗಿ ನೋಡತೊಡಗಿದರು. ತನ್ನ ಊರಿನ ಹೆಸರನ್ನು ಅಷ್ಟು ದೂರದ ಬಾಯಲ್ಲಿ ಕೇಳಿ ಸುಚಿತ್ರಾಳಿಗೆ ಮೊದಲು ನಗು ಬಂತು. ಆಮೇಲೆ ಅರ್ಥವಾಯಿತು.

ಇಬ್ಬರ ಪಾಸ್‌ಪೋರ್ಟ್ ಅರ್ಜಿಯನ್ನೂ ತುಂಬಿದ್ದು ರಾಮನಗರದ ಏಜೆಂಟ್ ಮುಕ್ತಿಯಾರ್. ಸರ್‌ನೇಮ್ ಎಂದಿರುವಲ್ಲಿ ಏನು ಬರೆಯುವುದೆಂದು ತೋಚದೆ, ಇನಿಷಿಯಲ್ಲಿನ ಮೊದಲ ಅಕ್ಷರ ಬಿಡಿಸಿ ಊರ ಹೆಸರು ಹಾಕಿಬಿಟ್ಟಿದ್ದ. ಕೂಟಗಲ್ ಪುಟ್ಟಸ್ವಾಮಿ ದೇವರಾಜು. ಕೂಟಗಲ್ ಗಂಗಯ್ಯ ಸುಚಿತ್ರಾ. ಊರಿನಲ್ಲಿ ಈ ಎರಡು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಿದವರಿಲ್ಲ. ಪುಟ್ಟಸ್ವಾಮಿ ಗೌಡರ ಮನೆ ದೇವಸ್ಥಾನದ ಎದುರಿಗೆ. ಗಂಗಯ್ಯನ ಮನೆ ಊರು ಮುಗಿದು, ಕಾಲುವೆ ದಾಟಿದ ಮೇಲೆ, ಕಾಲೋನಿಯಲ್ಲಿ.

ದೇವರಾಜು ಅವಳ ಕಡೆ ಬಗ್ಗಿದ. "ಗಂಡ ಹೆಂಡ್ತಿ ಅನ್ಕಂಡವ್ರೆ ಕಣೆ. ಹೇಳ್ಬುಡ್ಲಾ?"

"ಏನಂತ ಹೇಳ್ತೀಯ?"

ಅವನು ಬಾಯಿ ತೆರೆದ. ಒಂದೇ ಕಡೆ ಕೆಲಸ ಮಾಡುವವರು ಅನ್ನಬಹುದಿತ್ತು. ಒಂದೇ ಊರಿನವರು ಅನ್ನಬಹುದಿತ್ತು. ಎರಡೂ ಸುಳ್ಳಲ್ಲ. ಅವನು ಬಾಯಿ ಮುಚ್ಚಿ, ಕೈಯೆತ್ತಿ, ಗೈಡ್ ಕೊಟ್ಟ ಒಂದೇ ಕೀಯನ್ನು ತೆಗೆದುಕೊಂಡ.

ಬಿಡದಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಬಸ್ಸಿನ ಬಾಗಿಲಿಗೆ ಲಾಕ್ ತಯಾರಿಸುವ ಕಾರ್ಖಾನೆ ಅವರದು. ಅವಳು ಕ್ವಾಲಿಟಿ ವಿಭಾಗ, ಅವನು ಅಚ್ಚುಗಳನ್ನು ಮಾಡುವ ಟೂಲ್ ರೂಮ್. ಕೀಟೊದಲ್ಲಿ ಬಸ್ ಕಟ್ಟುವವರಿಗೆ ಕಳಿಸಿದ ಲಾಕುಗಳು ಅಲ್ಲಿನ ಚಳಿಗೆ ಬಿಗಿದುಕೊಂಡವೆಂದು, ಸರಿಮಾಡಲು ಇಬ್ಬರನ್ನೂ ಕಳಿಸಿದ್ದರು. ಹತ್ತು ದಿನದಲ್ಲಿ ಕೆಲಸ ಮುಗಿಯಿತು. ಸಂತೋಷಪಟ್ಟ ಅಲ್ಲಿನವರು ಗೈಡೆಡ್ ಟೂರ್ ಒಂದನ್ನು ಉಡುಗೊರೆಯಾಗಿ ಕೊಟ್ಟರು. ಎರಡು ದಿನ ಹಳೆಯ ನಗರ, ನಾಲ್ಕು ದಿನ ಗಲಾಪಗೋಸ್ ದ್ವೀಪಗಳ ನಡುವೆ ಹಡಗಿನ ಪ್ರಯಾಣ.

ಬೇರೆ ಹೊತ್ತಿನಲ್ಲಾಗಿದ್ದರೆ ಸುಚಿತ್ರಾ ಕುಣಿದುಬಿಡುತ್ತಿದ್ದಳು. ಆದರೆ ಬರುವಾಗ ವಿಮಾನದಲ್ಲಿ, ಬೆಲ್ಟ್ ಹಾಕಿಕೊಂಡು ಎದ್ದು ಹೋಗಲೂ ದಾರಿಯಿಲ್ಲದಿದ್ದಾಗ ದೇವರಾಜು ಹೇಳಿದ್ದ. ಊರಿಗೆ ಮರಳಿದ ಮೇಲಿನ ಗುರುವಾರ ಅವನ ನಿಶ್ಚಿತಾರ್ಥ. ಹುಡುಗಿ ಮಾಗಡಿಯವಳು, ದಿವ್ಯ ಅಂತ.

"ಬ್ಯಾಡ ಅನ್ನಕ್ಕೆ ಬಾಯಿ ಬರ್ನಿಲ್ಲ ಸುಚಿ."

ನಾಲ್ಕು ವರ್ಷ ಅವರು ಒಂದೇ ಕಂಪನಿ ಬಸ್ಸಿನಲ್ಲಿ ಓಡಾಡಿದ್ದರು. ಅವನು ಮುಂದೆ, ಅವಳು ಹಿಂದೆ. ಕಣ್ಣುಗಳು ಸೇರುತ್ತಿದ್ದ ಜಾಗ ಡ್ರೈವರ್ ತಲೆಯ ಮೇಲಿನ ಕನ್ನಡಿ. ಅವನು ಹುಬ್ಬು ಏರಿಸಿದರೆ ತಿಂಡಿ ಆಯಿತಾ ಎಂದು ಅರ್ಥ. ಅವಳು ಜಡೆ ಮುಂದಕ್ಕೆ ಹಾಕಿಕೊಂಡರೆ ಆಯಿತು ಎಂದು. ಕೂಟಗಲ್‌ನಲ್ಲಿ ಎದುರಾದರೆ ಮಾತ್ರ ಅವನು ಅವಳನ್ನು ಕಂಡೇ ಇಲ್ಲ ಎನ್ನುವಂತೆ ಹೋಗುತ್ತಿದ್ದ. ಅದು ಎಚ್ಚರಿಕೆ ಎಂದು ಅವಳು ನಂಬಿದ್ದಳು. ಅಭ್ಯಾಸವೂ ಇರಬಹುದು ಎಂದು ವಿಮಾನದಲ್ಲಿ ಮೊದಲ ಸಲ ಹೊಳೆದಿತ್ತು.

ಕೀಟೊದ ಹಳೆಯ ಬೀದಿಗಳು ಗುಡ್ಡಕ್ಕೆ ಒರಗಿಸಿದ ಏಣಿಗಳಂತಿದ್ದವು. ಎರಡೂ ಬದಿ ಬಿಳಿ ಗೋಡೆ, ನೀಲಿ ಬಾಲ್ಕನಿ, ಕೆಂಪು ಹೂವಿನ ಕುಂಡ. ಒಳಗೆಲ್ಲ ಚಿನ್ನದ ರೇಕು ಹೊದಿಸಿದ ಚರ್ಚಿನಿಂದ ಹೊರಬಂದು ಮೇಲೆ ಹತ್ತುವಾಗ ದೇವರಾಜುವಿಗೆ ಏದುಸಿರು ಬಂತು. ಅವಳು ಎರಡು ಮೆಟ್ಟಿಲು ಮುಂದೆ ನಿಂತು ಕೈಚಾಚಿದಳು.

ಅವನು ಸುತ್ತ ನೋಡಿದ. ಹಳೆಯ ಅಭ್ಯಾಸ.

"ಇಲ್ಲಿ ನಿಮ್ಮ ಚಿಕ್ಕಪ್ಪ ಮುನಿಶಾಮಯ್ಯ ಹಾಲಿನ ಕ್ಯಾನ್ ಹಿಡ್ಕೊಂಡು ಬರಲ್ಲ, ಕೈ ಕೊಡು ಗೌಡ."

ಅವನು ನಕ್ಕು ಕೈಕೊಟ್ಟ. ಹಾಡಹಗಲಲ್ಲಿ, ನಡುಬೀದಿಯಲ್ಲಿ, ಅವಳ ಬೆರಳುಗಳ ನಡುವೆ ಅವನ ಬೆರಳು.  ಇಷ್ಟು ಸಣ್ಣದಕ್ಕೆ ಇಷ್ಟು ದೂರ ಬರಬೇಕಾಯಿತಲ್ಲ ಎಂದು ಅವಳಿಗೆ ಅನಿಸಿತು.

ಮರುದಿನ ಗೈಡ್ ಎಲ್ಲರನ್ನೂ ಭೂಮಧ್ಯರೇಖೆಯ ಬಳಿಗೆ ಕರೆದೊಯ್ದ. ನೆಲದ ಮೇಲೆ ಹಳದಿ ಗೆರೆ. ಆ ಕಡೆ ಒಬ್ಬರು, ಈ ಕಡೆ ಒಬ್ಬರು ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ದೇವರಾಜು ಓಡಿಹೋಗಿ ಆಚೆ ನಿಂತು, "ಬಾರೆ, ನೀನು ಆ ಕಡೆ ನಿಂತ್ಕೊ" ಎಂದ.

"ಗೆರೆ ಆಚೆ ನಿಂತ್ಕೊಳ್ಳೋದು ನಂಗೇನು ಹೊಸದಾ? ನಮ್ಮೂರಲ್ಲೂ ಒಂದೈತೆ. ಅಲ್ಲಿ ಯಾರೂ ಫೋಟೋ ತೆಗೆಸ್ಕೊಳ್ಳಲ್ಲ ಅಷ್ಟೆ."

ಅವನ ನಗು ಫೋಟೋದಲ್ಲಿ ಅರ್ಧಕ್ಕೆ ನಿಂತಿತು.

ದ್ವೀಪಗಳಿಗೆ ವಿಮಾನ, ಅಲ್ಲಿಂದ ಹಡಗು. ಹದಿನಾರು ಜನರ ಪುಟ್ಟ ಬಿಳಿ ಹಡಗು. ಅವರಿಗೆ ಕೊಟ್ಟ ಕ್ಯಾಬಿನ್ನಿನಲ್ಲೂ ಒಂದೇ ಮಂಚ. ಕೀಟೊದ ಹೋಟೆಲಿನಲ್ಲಿ ಮಾಡಿದಂತೆ ಇಲ್ಲಿಯೂ ಅವನು ದಿಂಬು ತೆಗೆದುಕೊಂಡು ಕೆಳಗೆ ಮಲಗಿದ. ಮಂಚದ ಅಂಚಿನಿಂದ ಅವಳ ಕೈ ಇಳಿಬಿದ್ದಿರುತ್ತಿತ್ತು. ಅವನು ಅದನ್ನು ಹಿಡಿದುಕೊಂಡು ನಿದ್ದೆಹೋಗುತ್ತಿದ್ದ. ಅವಳಿಗೆ ನಿದ್ದೆ ಬರುತ್ತಿರಲಿಲ್ಲ.

ಊಟದ ಮೇಜಿನಲ್ಲಿ ಎದುರಿಗೆ ಕೂರುತ್ತಿದ್ದ ಅಮೆರಿಕದ ಅಜ್ಜಿ ಎರಡನೆಯ ದಿನ ಕೇಳಿದರು, ಮದುವೆಯಾಗಿ ಎಷ್ಟು ವರ್ಷವಾಯಿತೆಂದು.

"ಫೋರ್ ಇಯರ್ಸ್" ಎಂದ ದೇವರಾಜು. ತಡವರಿಸಲಿಲ್ಲ. ಅಷ್ಟೇ ಅಲ್ಲ, ಅವಳ ತಟ್ಟೆಗೆ ಅನಾನಸಿನ ಹೋಳು ಹಾಕುತ್ತ, ಇವಳಿಗೆ ಇದೆಂದರೆ ಇಷ್ಟ, ಆದರೆ ಕೇಳಲು ನಾಚಿಕೆ ಎಂದೂ ಸೇರಿಸಿದ. ಅಜ್ಜಿ ಕೈಯನ್ನು ಎದೆಗಿಟ್ಟುಕೊಂಡು ನಕ್ಕರು.

ಸುಚಿತ್ರಾಳೂ ನಕ್ಕಳು. ಆ ಒಂದು ಗಳಿಗೆ ಅವಳು ಹೆಂಡತಿಯಾಗಿದ್ದಳು, ಪೂರ್ತಿಯಾಗಿ. ಹಣ್ಣಿನ ತಟ್ಟೆಯನ್ನು ಮಾತ್ರ ಪಕ್ಕಕ್ಕೆ ಸರಿಸಿದಳು. ಮಾತು ಬಾರದವನಲ್ಲ ಇವನು. ಬೇಕಾದಾಗ ಎಷ್ಟು ಸಲೀಸಾಗಿ ಬರುತ್ತದೆ.

ದ್ವೀಪಗಳ ಪ್ರಾಣಿಗಳಿಗೆ ಮನುಷ್ಯರ ಭಯವೇ ಇರಲಿಲ್ಲ. ಸೀ ಲಯನ್ ಎಂಬ ಕಡಲಪ್ರಾಣಿಗಳು ದಡದ ಬೆಂಚುಗಳ ಮೇಲೆ ಮಧ್ಯಾಹ್ನದ ನಿದ್ದೆಯಲ್ಲಿದ್ದವು. ಕರುವಿನ ಗಾತ್ರದ ಆಮೆಗಳು ಹುಲ್ಲು ಅಗಿಯುತ್ತ ಯಾರನ್ನೂ ಲೆಕ್ಕಿಸದೆ ದಾಟಿಹೋದವು. ಗೈಡ್ ಮಾತ್ರ ಮತ್ತೆ ಮತ್ತೆ ಎಚ್ಚರಿಸುತ್ತಿದ್ದ. ಎರಡು ಮೀಟರ್ ದೂರ ನಿಲ್ಲಬೇಕು, ಮುಟ್ಟಬಾರದು. ನಾಗರಿಕರಂತೆ ಎಲ್ಲರೂ ದೂರ ನಿಂತರು. ಅವರಲ್ಲಿ ಹೇಳಿಸಿಕೊಳ್ಳದೆಯೇ ಅಳತೆ ಗೊತ್ತಿದ್ದವಳು ಸುಚಿತ್ರಾ ಒಬ್ಬಳೇ.

ಮೂರನೆಯ ದಿನ ಬಂಡೆಗಳ ಮೇಲೆ ನೀಲಿ ಕಾಲಿನ ಹಕ್ಕಿಗಳನ್ನು ಕಂಡರು. ಬಣ್ಣದ ಡಬ್ಬಿಯಲ್ಲಿ ಅದ್ದಿ ತೆಗೆದಂಥ ಕಾಲುಗಳು. ಗಂಡು ಒಂದು ಕಾಲೆತ್ತಿ ತೋರಿಸಿತು, ಇನ್ನೊಂದನ್ನೆತ್ತಿ ತೋರಿಸಿತು, ರೆಕ್ಕೆ ಬಿಚ್ಚಿ ಆಕಾಶಕ್ಕೆ ಕೊಕ್ಕು ಮಾಡಿ ಸಿಳ್ಳೆ ಹಾಕಿತು. ಹೆಣ್ಣು ಕತ್ತು ಓರೆಮಾಡಿ ನೋಡುತ್ತಿತ್ತು.

"ನೋಡು, ಹೆಂಗೆ ಕುಣೀತಾನೆ" ಎಂದಳು. "ಹದಿನಾರು ಜನ ಕ್ಯಾಮೆರಾ ಹಿಡ್ಕೊಂಡು ನಿಂತವ್ರೆ. ಅವ್ನಿಗೆ ಒಸೀನೂ ನಾಚ್ಕೆ ಇಲ್ಲ."

"ಅವ್ನಿಗೆ ಅಪ್ಪ ಇಲ್ಲ ಕಣೆ."

ತಮಾಷೆಗೆ ಅಂದ ಮಾತು. ಅವಳು ತಿರುಗಿ ಅವನನ್ನೇ ನೋಡಿದಳು. ಬಿಸಿಲಿಗೆ ಮೂಗಿನ ತುದಿ ಸುಲಿದಿತ್ತು. ಟೂಲ್ ರೂಮಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳಿನಿಂದಲೇ ಹೇಳಬಲ್ಲ ಈ ಮನುಷ್ಯನನ್ನು ಅವಳು ಹುಚ್ಚಿಯಂತೆ ಪ್ರೀತಿಸುತ್ತಿದ್ದಳು. ಅದೇ ಕಷ್ಟವಾಗಿತ್ತು.

"ದೇವು, ಆ ಅಜ್ಜಿ ಹತ್ರ ನಾಲ್ಕು ವರ್ಷ ಅಂದ್ಯಲ್ಲ."

"ಹೂಂ."

"ಅದನ್ನೇ ಒಂದ್ಸಲ ನಿಮ್ಮನೇಲಿ ಅನ್ನು. ನಾಳೆ ಸಂಜೆ ಹಡಗು ಟೌನಿನ ಹತ್ರ ನಿಲ್ತದಂತೆ. ಫೋನ್ ಬೂತ್ ಐತಂತೆ."

ಅವನು ಹಕ್ಕಿಯ ಕಡೆಯೇ ನೋಡುತ್ತಿದ್ದ. "ಅಪ್ಪ ತಡ್ಕಳಲ್ಲ ಸುಚಿ. ಎದೆ ಒಡ್ಕಂಬುಡ್ತಾರೆ."

"ಮತ್ತೆ ನಾನು?"

"ಊರಿಗೆ ಹೋಗಿ ನಿಧಾನವಾಗಿ ಹೇಳ್ತೀನಿ."

"ಊರಿಗೆ ಹೋದ್ರೆ ನೀನು ನನ್ನ ನೋಡೋದೇ ಇಲ್ಲ. ಇನ್ನ ಹೇಳ್ತೀಯಾ?" ಅವಳು ಅವನ ತೋಳು ಹಿಡಿದು ತನ್ನ ಕಡೆ ತಿರುಗಿಸಿದಳು. "ಇಲ್ಲಿ ಗಂಡ ಆಗೋದು ಸುಲಭ ಕಣೋ. ಇಲ್ಲಿ ನಮ್ಮನ್ನ ಬಲ್ಲೋರೇ ಇಲ್ಲ. ನಾಳೆ ಹೇಳಲ್ಲ ಅಂದ್ರೆ ಹೇಳಲ್ಲ ಅಂತ ಈಗ್ಲೇ ಅಂದ್ಬುಡು. ವಾಪಸ್ ಹೋಗೋವಾಗ ಬೇರೆ ಸೀಟಲ್ಲಿ ಕೂತ್ಕತೀನಿ. ಆಮೇಲೆ ಕನ್ನಡೀಲೂ ನೋಡಲ್ಲ."

ಅವನು ಹಡಗಿಗೆ ಮರಳುವ ದೋಣಿಯಲ್ಲಿ ಅವಳ ಪಕ್ಕ ಕೂತ. ಮಂಡಿಗೆ ಮಂಡಿ ತಾಗುತ್ತಿತ್ತು. ಅವಳು ಸರಿಸಿಕೊಳ್ಳಲಿಲ್ಲ. ಸರಿಸಿಕೊಳ್ಳುವ ಶಕ್ತಿ ಇರಲಿಲ್ಲ.

ಮರುದಿನ ಸಂಜೆ ಆರು ಗಂಟೆಗೆ ಬೂತಿನ ಗಾಜಿನ ಬಾಗಿಲೊಳಗೆ ಇಬ್ಬರೂ ನಿಂತರು. ಕೂಟಗಲ್‌ನಲ್ಲಿ ಆಗ ಬೆಳಗಿನ ಐದೂವರೆ. ದೇವರಾಜುವಿಗೆ ನಂಬರ್ ಎರಡು ಸಲ ತಪ್ಪಿತು. ಮೂರನೆಯ ಸಲ ರಿಂಗಾಯಿತು. ಎತ್ತಿಕೊಂಡವರು ಅವನ ತಾಯಿ ಮುನಿಯಮ್ಮ. ಫೋನಿನಲ್ಲಿ ಕೂಗಿ ಮಾತಾಡುವ ಹೆಂಗಸು. ಪ್ರತಿ ಮಾತೂ ಸುಚಿತ್ರಾಳಿಗೆ ಕೇಳಿಸುತ್ತಿತ್ತು.

"ದೇವೂನಾ? ಉಂಡ್ಯಾ ಮಗಾ? ಅಲ್ಲಿ ಮುದ್ದೆ ಗಿದ್ದೆ ಸಿಕ್ತದಾ?"

"ಇಲ್ಲ ಕಣವ್ವ. ಅವ್ವ, ಒಂದು ಮಾತು..."

"ಮಾಗಡಿಯೋರು ಸೀರೆ ತೋರ್ಸಕ್ಕೆ ಬಂದಿದ್ರು. ಒಳ್ಳೆ ಜನ. ಅದಿರ್ಲಿ, ಗಂಗಯ್ಯನ ಮಗ್ಳೂ ಬಂದವ್ಳಂತಲ್ಲ ನಿನ್ ಜೊತೆ? ಜನ ಏನಾರ ಅಂದಾರು. ಅವ್ಳು ಬ್ಯಾರೆ ಕಡೆ ತಾನೆ ಇರೋದು?"

ದೇವರಾಜುವಿನ ಕಣ್ಣು ಸುಚಿತ್ರಾಳ ಮುಖದ ಮೇಲಿತ್ತು. ಅವನ ತುಟಿ ಅಲುಗಿತು.

"ಹೂಂ ಅವ್ವ. ಬ್ಯಾರೆ ಕಡೆ."

ಅವಳಿಗೆ ಸಿಟ್ಟು ಬರಲಿಲ್ಲ.  ಬಾಗಿಲು ತಳ್ಳಿ ಹೋಗಿಬಿಡಬಹುದಿತ್ತು. ಹಾಗೆ ಹೋದರೆ ನಾಲ್ಕು ವರ್ಷ ಯಾವತ್ತೂ ನಡೆದೇ ಇರಲಿಲ್ಲ ಎಂದಾಗುತ್ತದೆ. ಅವಳು ಕೈಚಾಚಿ ರಿಸೀವರ್ ತೆಗೆದುಕೊಂಡಳು. ಅವನು ಬಿಟ್ಟುಕೊಟ್ಟ.

"ಅಮ್ಮ, ನಾನು ಸುಚಿತ್ರಾ. ಗಂಗಯ್ಯನ ಮಗಳು. ನಾನು ಬೇರೆ ಕಡೆ ಇಲ್ಲ. ಇವರ ಪಕ್ಕದಲ್ಲೇ ನಿಂತಿದೀನಿ. ಇವತ್ತು ನಿನ್ನೆಯಿಂದಲ್ಲ, ನಾಲ್ಕು ವರ್ಷದಿಂದ."

ಆ ತುದಿಯ ಕೊಟ್ಟಿಗೆಯಲ್ಲಿ ಕರುವೊಂದು ಕೂಗಿದ್ದು ಮಾತ್ರ ಸಮುದ್ರಗಳನ್ನು ದಾಟಿ ಬಂತು. ಆಮೇಲೆ ಮುನಿಯಮ್ಮ ಅಂದರು, ಈಗ ದನಿ ಏರಿಸದೆ.

"ಅವ್ನಿಗೆ ಕೊಡವ್ವ."

ಸುಚಿತ್ರಾ ಕೊಟ್ಟಳು. ಇನ್ನು ತನ್ನ ಕೈಯಲ್ಲಿ ಏನೂ ಉಳಿದಿಲ್ಲವೆಂದು ಅವಳಿಗೆ ಗೊತ್ತಿತ್ತು. ಇಲ್ಲ ಅನ್ನಲು ಅವನಿಗೆ ಒಂದೇ ಒಂದು ಮಾತು ಸಾಕು. ಅವಳು ಗಾಜಿಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದಳು.

"ಆ ಹುಡ್ಗಿ ಅಂದದ್ದು ದಿಟವಾ?"

 ಸುಚಿತ್ರಾ ತನ್ನ ಉಸಿರನ್ನು ಎಣಿಸಿದಳು. ಒಂದು. ಎರಡು. ಮೂರು. ಆಮೇಲೆ ಅವಳ ಮಣಿಕಟ್ಟನ್ನು ಒಂದು ಕೈ ಹುಡುಕಿ ಹಿಡಿಯಿತು. ಬಳೆ ಒತ್ತಿ ನೋವಾಗುವಷ್ಟು ಬಿಗಿಯಾಗಿ.

"ದಿಟ ಕಣವ್ವ. ಈಗ ನಾನು ಅಂದದ್ದೇ ಸುಳ್ಳು." ಅವನು ಅಳುತ್ತಿದ್ದ. "ಮಾಗಡಿಯೋರಿಗೆ ಬರ್ಬೇಡಿ ಅಂತ ಹೇಳ್ಕಳ್ಸು. ಆ ಹುಡ್ಗೀಗೆ ಮೋಸ ಮಾಡ್ನಾರೆ. ನಂಗೆ ಇವ್ಳು ಬೇಕು."

"ಅಯ್ಯೋ ಮಗಾ. ನಿಮ್ಮಪ್ಪಂಗೆ ನಾನು ಹೆಂಗೆ ಹೇಳ್ಲಿ? ಡೈರಿಗೆ ಹಾಲ್ ಹಾಕ್ಬುಟ್ಟು ಈಗ ಬಂದ್ರು. ಅಗೋ, ಬಾಗ್ಲಲ್ಲೇ ಅವ್ರೆ."

"ನೀನು ಹೇಳ್ಬೇಡ. ಅಪ್ಪಂಗೆ ಕೊಡು. ನಾನೇ ಹೇಳ್ತೀನಿ."

"ಇವತ್ತೇ ಬ್ಯಾಡ ಕಣಪ್ಪ."

"ಇವತ್ತು ಬುಟ್ರೆ ನನ್ ಕೈಲಿ ಆಗಲ್ಲ ಅವ್ವ. ಕೊಡು."

ದೂರದಲ್ಲಿ ಕ್ಯಾನ್ ನೆಲಕ್ಕಿಟ್ಟ ಸದ್ದು. ಏನೋ ಗುಸುಗುಸು. ಭಾರವಾದ ಹೆಜ್ಜೆಗಳು ಹತ್ತಿರವಾದವು. ಸುಚಿತ್ರಾ ಕಣ್ಣು ತೆರೆದಳು.  ಅವಳು ಹತ್ತಿರ ಸರಿದು ದೇವರಾಜುವಿನ ತೋಳಿಗೆ ತನ್ನ ಹೆಗಲು ಆನಿಸಿದಳು. ಅವನು ರಿಸೀವರನ್ನು ಸ್ವಲ್ಪ ಓರೆಮಾಡಿ ಇಬ್ಬರ ಕಿವಿಗಳ ನಡುವೆ ಹಿಡಿದ.

"ಯಾರ್ಲಾ?" ಎಂದಿತು ಪುಟ್ಟಸ್ವಾಮಿ ಗೌಡರ ದನಿ.

"ಅಪ್ಪ, ನಾನು ದೇವರಾಜು. ಪಕ್ಕದಲ್ಲಿ ಸುಚಿತ್ರಾ ಅವ್ಳೆ. ಒಸಿ ಕೂತ್ಕಳಪ್ಪ, ಹೇಳ್ತೀನಿ."